ಯುರೋಪಿನಲ್ಲಿ ದೇಶದ ಕೋರ್ಟುಗಳನ್ನು ಬಿಟ್ಟು ನೇರವಾಗಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಬಹುದೇ?

ಆಗುವುದಿಲ್ಲ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 35ನೇ ವಿಧಿಯಂತೆ ಮೊದಲು ಆ ದೇಶದ ಮೇಲ್ಮನವಿಗಳು ಮುಗಿದಿರಬೇಕು. ಜರ್ಮನಿಯಲ್ಲಾದರೆ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯಕ್ಕೂ ಹೋಗಿರಬೇಕು; ಅಲ್ಲಿ ತೀರ್ಪಿನ ವಿರುದ್ಧ ದೂರು ಕೊಡಲು ಸಿಗುವುದು ಒಂದೇ ತಿಂಗಳು.

ಅನೇಕರು ಎಡವುವುದು ಇಲ್ಲಿ: ಸ್ಟ್ರಾಸ್‌ಬರ್ಗ್‌ನಲ್ಲಿ ಎತ್ತುವ ಹಕ್ಕಿನ ಪ್ರಶ್ನೆಯನ್ನು, ಕನಿಷ್ಠ ಅದರ ಸಾರವನ್ನಾದರೂ, ದೇಶದ ಕೋರ್ಟುಗಳಲ್ಲೇ ಎತ್ತಿರಬೇಕು. ದೇಶದ ಕೋರ್ಟಿನಲ್ಲಿ ಬರೀ ಬಾಡಿಗೆ ತಕರಾರೆಂದು ವಾದಿಸಿ, ಸ್ಟ್ರಾಸ್‌ಬರ್ಗ್‌ನಲ್ಲಿ ಮೊದಲ ಬಾರಿಗೆ 8ನೇ ವಿಧಿಯ ಖಾಸಗಿ ಬದುಕಿನ ಹಕ್ಕು ಎಂದರೆ ಅರ್ಜಿ ನಿಲ್ಲದು.

ಸ್ಟ್ರಾಸ್‌ಬರ್ಗ್‌ಗೆ ಅರ್ಜಿ ಹಾಕಲು ದೇಶದ ಕೊನೆಯ ತೀರ್ಪಿನಿಂದ 4 ತಿಂಗಳ ಗಡುವು (2022ರ ಫೆಬ್ರವರಿಗೆ ಮುಂಚೆ 6 ಇತ್ತು). ಅರೆಬರೆ ತುಂಬಿದ ಫಾರ್ಮ್ ಕಳಿಸಿದರೆ ಗಡುವು ಓಡುತ್ತಲೇ ಇರುತ್ತದೆ, ಹುಷಾರು.

ದೇಶದ ಕೋರ್ಟುಗಳಲ್ಲಿ ನ್ಯಾಯದ ದಾರಿ ಹೆಸರಿಗಷ್ಟೇ ಇದ್ದರೆ, ಮೊದಲು ಅಲ್ಲಿಗೆ ಹೋಗಬೇಕೆಂಬ ನಿಯಮಕ್ಕೆ ವಿನಾಯಿತಿಯುಂಟು: 1996ರ ಅಕ್ದಿವಾರ್ ಪ್ರಕರಣದಲ್ಲಿ, ಭದ್ರತಾ ಪಡೆಗಳು ಮನೆ ಸುಟ್ಟ ಟರ್ಕಿಯ ಹಳ್ಳಿಗರಿಗೆ ಆ ವಿನಾಯಿತಿ ಸಿಕ್ಕಿತು.