ಓದುಗರ ಪ್ರಶ್ನೆ: ಯುರೋಪಿನ ‘ಮಾಟಗಾತಿ’ ವಿಚಾರಣೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

‘ಯುರೋಪಿನಲ್ಲಿ 90 ಲಕ್ಷ ಹೆಂಗಸರನ್ನು ಮಾಟಗಾತಿಯರೆಂದು ಸುಟ್ಟರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಕಾಲೇಜಿನ ಸೆಮಿನಾರಿಗೆ ಬಳಸಬಹುದೇ?
— ಪದವಿ ವಿದ್ಯಾರ್ಥಿನಿ, ದಾವಣಗೆರೆ

ಬಳಸಬೇಡಿ. 1784ರಲ್ಲಿ ಜರ್ಮನಿಯ ಕ್ವೆಡ್ಲಿನ್‌ಬುರ್ಗ್‌ನ ಗಾಟ್‌ಫ್ರೀಡ್ ಕ್ರಿಸ್ಟಿಯಾನ್ ಫೋಗ್ಟ್ ಎಂಬಾತ ತನ್ನೂರಿನ ದಫ್ತರದಲ್ಲಿ ಸಿಕ್ಕ ಒಂದಿಷ್ಟು ಪ್ರಕರಣಗಳನ್ನು ಹಿಡಿದು, ಅದನ್ನೇ ಹಲವು ಶತಮಾನಗಳಿಗೂ ಇಡೀ ಯುರೋಪಿಗೂ ಗುಣಿಸಿ 94,42,994 ಎಂದು ಲೆಕ್ಕ ತೆಗೆದ. ಕೊನೆಯ 994 ಕಂಡಾದರೂ ಜನರಿಗೆ ಅನುಮಾನ ಬರಬೇಕಿತ್ತು! ನ್ಯಾಯಾಲಯಗಳ ಕಡತ ಜಾಲಾಡಿದ ಇತಿಹಾಸಕಾರರ ಅಂದಾಜಿನಂತೆ ಸುಮಾರು 1450ರಿಂದ 1750ರ ನಡುವೆ ಸತ್ತವರು 40,000ದಿಂದ 60,000. ಅದರಲ್ಲಿ ಅರ್ಧದಷ್ಟು ಜರ್ಮನ್ ಸೀಮೆಗಳಲ್ಲೇ. ನೂರಕ್ಕೆ 75–80 ಮಂದಿ ಹೆಂಗಸರು. ಆದರೆ ಐಸ್‌ಲ್ಯಾಂಡ್‌ನಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ ಗಂಡಸರೇ ಹೆಚ್ಚು. ಸೆಮಿನಾರಿನಲ್ಲಿ ‘ಮಧ್ಯಯುಗದ ಕತ್ತಲೆ’ ಎಂದೂ ಹೇಳಬೇಡಿ. ಹೆಚ್ಚು ಜನ ಸತ್ತದ್ದು 1560ರಿಂದ 1650ರ ಆಸುಪಾಸಿನಲ್ಲಿ, ಅಂದರೆ ಗೆಲಿಲಿಯೊ ದೂರದರ್ಶಕ ಹಿಡಿದು ಆಕಾಶ ನೋಡುತ್ತಿದ್ದ ಕಾಲದಲ್ಲಿ.

ಮಾಡದ ಅಪರಾಧವನ್ನು ಅಷ್ಟೊಂದು ಜನ ಒಪ್ಪಿಕೊಂಡದ್ದು ಹೇಗೆ? ವಿಚಾರಣೆಯ ಕ್ರಮ ಏನಿತ್ತು?
— ವಕೀಲರು, ಹಿರಿಯೂರು

ಶುರುವಾಗುತ್ತಿದ್ದುದು ಕೇರಿಯಲ್ಲಿ. ಬೆಣ್ಣೆ ಬರಲಿಲ್ಲ, ಹಸು ಕೆಚ್ಚಲು ಬತ್ತಿತು, ಬಾಣಂತಿ ತೀರಿಕೊಂಡಳು, ಬೇಡಲು ಬಂದ ವಿಧವೆಯನ್ನು ಬರಿಗೈಯಲ್ಲಿ ಕಳಿಸಿದ ಮೂರನೇ ದಿನಕ್ಕೆ ಕೂಸಿಗೆ ಜ್ವರ ಬಂತು. ಹಾಲು, ಹೆರಿಗೆ, ಕೂಸು ಎಲ್ಲವೂ ಹೆಂಗಸರ ಕೈಯಲ್ಲಿದ್ದ ಕೆಲಸ. ಹಾಗಾಗಿ ಗುಮಾನಿಯೂ ಅವರ ಮೇಲೇ, ದೂರುವವರಲ್ಲೂ ಹೆಂಗಸರು ಬಹಳ. ಇಂಥ ಗುಸುಗುಸು ವರ್ಷಗಟ್ಟಲೆ ಹಾಗೇ ಇರುತ್ತಿತ್ತು, ಅದರಿಂದಲೇ ಯಾರೂ ಸಾಯುತ್ತಿರಲಿಲ್ಲ. ಕೊಂದದ್ದು ಸಾಕ್ಷ್ಯದ ನಿಯಮ.

ಜರ್ಮನ್ ಸೀಮೆಗಳನ್ನು ಆಳುತ್ತಿದ್ದ ಚಕ್ರವರ್ತಿ ಐದನೇ ಚಾರ್ಲ್ಸನ 1532ರ ‘ಕರೋಲಿನಾ’ ದಂಡಸಂಹಿತೆಯಂತೆ ಮರಣದಂಡನೆಗೆ ಇಬ್ಬರು ನಂಬಲರ್ಹ ಪ್ರತ್ಯಕ್ಷ ಸಾಕ್ಷಿಗಳು ಬೇಕು, ಇಲ್ಲವೇ ತಪ್ಪೊಪ್ಪಿಗೆ ಬೇಕು. ಸಾಂದರ್ಭಿಕ ಸಾಕ್ಷ್ಯ ಎಷ್ಟಿದ್ದರೂ ಸಾಲದು. ಮಾಟಕ್ಕೆ ಪ್ರತ್ಯಕ್ಷ ಸಾಕ್ಷಿಯನ್ನು ಎಲ್ಲಿಂದ ತರುವುದು? ಉಳಿದದ್ದು ತಪ್ಪೊಪ್ಪಿಗೆ, ಅದನ್ನು ಹೊರಡಿಸಲು ಚಿತ್ರಹಿಂಸೆ. ಮೊದಲು ನಯವಾಗಿ ಕೇಳುವುದು, ಬಳಿಕ ಉಪಕರಣಗಳನ್ನು ತೋರಿಸಿ ಹೆದರಿಸುವುದು. ಆಮೇಲೆ ಹೆಬ್ಬೆರಳಿಗೆ ತಿರುಪು, ಮೀನಖಂಡಕ್ಕೆ ಕಬ್ಬಿಣದ ಹಿಡಿಕೆ, ಕೊನೆಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ರಾಟೆಯ ಹಗ್ಗದಲ್ಲಿ ಮೇಲೆತ್ತುವುದು. ಭುಜದ ಕೀಲು ಕಳಚುತ್ತಿತ್ತು.

ಸಂಹಿತೆಯಲ್ಲಿ ತಡೆಗಳೂ ಇದ್ದವು. ಗಟ್ಟಿ ಆಧಾರವಿಲ್ಲದೆ ಹಿಂಸೆ ಕೂಡದು. ಉತ್ತರವನ್ನು ಬಾಯಿಗಿಟ್ಟು ಪ್ರಶ್ನೆ ಕೇಳಕೂಡದು. ಒಪ್ಪಿಕೊಂಡವರು ಬೇರೆ ದಿನ, ಹಿಂಸೆಯಿಲ್ಲದ ಜಾಗದಲ್ಲಿ ಅದನ್ನು ಮತ್ತೆ ಹೇಳಬೇಕು. ಆದರೆ ಮಾಟವನ್ನು ‘ಅಸಾಧಾರಣ ಅಪರಾಧ’ ಎಂದು ಕರೆದು ಊರೂರಿನ ನ್ಯಾಯಾಧೀಶರು ಈ ತಡೆಗಳನ್ನು ಕಿತ್ತೆಸೆದರು. ಮಾತು ಹಿಂತೆಗೆದುಕೊಂಡರೆ ಮತ್ತೆ ಅದೇ ಕೋಣೆಗೆ. ಇದರ ಮೇಲೆ ಒಂದು ಪ್ರಶ್ನೆ ಬೇರೆ: ಸೈತಾನನ ರಾತ್ರಿ ಕೂಟಕ್ಕೆ ಹೋಗಿದ್ದೆಯಲ್ಲ, ಅಲ್ಲಿ ಇನ್ಯಾರನ್ನು ಕಂಡೆ? ಒಬ್ಬಳ ಬಾಯಿಂದ ಬಂದ ಹೆಸರುಗಳೇ ಮುಂದಿನವರ ಬಂಧನಕ್ಕೆ ಆಧಾರ. ಪ್ರಕರಣಗಳು ಒಂದರಿಂದ ನೂರಾದದ್ದು ಈ ಪ್ರಶ್ನೆಯಿಂದ.

1626ರ ಮೇ ತಿಂಗಳಲ್ಲಿ ಬಿದ್ದ ಹಿಮಕ್ಕೆ ಜರ್ಮನಿಯ ಫ್ರಾಂಕೋನಿಯಾ ಸೀಮೆಯ ದ್ರಾಕ್ಷಿ ತೋಟಗಳು ಸುಟ್ಟುಹೋದವು. ಮಾಟದಿಂದಲೇ ಹೀಗಾಯಿತೆಂದು ಬಾಂಬರ್ಗ್‌ನಲ್ಲಿ ಬೇಟೆ ಶುರುವಾಯಿತು. ಅಲ್ಲಿನ ಮೇಯರ್ ಯೋಹಾನ್ಸ್ ಯೂನಿಯುಸ್‌ನ ಹೆಂಡತಿ ಮೊದಲು ಬಲಿಯಾದಳು, ನಂತರ ಅವನು. 1628ರ ಜುಲೈನಲ್ಲಿ, ತಿರುಪಿಗೆ ಸಿಕ್ಕು ನಜ್ಜುಗುಜ್ಜಾದ ಕೈಯಲ್ಲೇ ಮಗಳು ವೆರೋನಿಕಾಗೆ ಸೆರೆಯಿಂದ ಗುಟ್ಟಾಗಿ ಕಾಗದ ಬರೆದ. ಹಿಂಸೆ ಕೊಡುವ ಆಳೇ ‘ಏನಾದರೂ ಕಟ್ಟಿ ಹೇಳಿಬಿಡಿ’ ಎಂದು ಅಂಗಲಾಚಿದನೆಂದೂ, ಹೆಸರು ತಿಳಿಯದೆಂದಾಗ ಒಂದೊಂದೇ ಬೀದಿ ಹಿಡಿದು ಅಲ್ಲಿ ಯಾರ್‍ಯಾರು ಎಂದು ಕೇಳಿದರೆಂದೂ ಅದರಲ್ಲಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷ್ಯವಾಗದು ಎಂಬ ನಿಯಮದ ಬಗ್ಗೆ ಗೊಣಗುವ ಪೊಲೀಸರಿಗೆ ಈ ಕಾಗದವನ್ನು ಓದಿಸಬೇಕು.

ನೀರಿಗೆ ಎಸೆಯುತ್ತಿದ್ದರಂತೆ, ಮುಳುಗಿದರೆ ನಿರಪರಾಧಿ, ಆದರೆ ಸತ್ತಳು, ತೇಲಿದರೆ ಅಪರಾಧಿ. ನಿಜವೇ?
— ತುಂಗಭದ್ರೆ ದಂಡೆಯ ಓದುಗರು, ಹೊನ್ನಾಳಿ

ಅರ್ಧ ನಿಜ. ಬಲ ಹೆಬ್ಬೆರಳನ್ನು ಎಡಗಾಲಿನ ಹೆಬ್ಬೆರಳಿಗೆ, ಎಡದ್ದನ್ನು ಬಲಕ್ಕೆ ಅಡ್ಡಡ್ಡ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿಸುತ್ತಿದ್ದರು. ಹಗ್ಗ ಇದ್ದದ್ದೇ ಮುಳುಗಿದವಳನ್ನು ಮೇಲೆಳೆಯಲು. ಕ್ರೈಸ್ತ ಧರ್ಮದ ದೀಕ್ಷಾಸ್ನಾನವನ್ನು ಧಿಕ್ಕರಿಸಿದವಳನ್ನು ನೀರು ಒಳಗೆ ಸೇರಿಸುವುದಿಲ್ಲ ಎಂಬುದು ನಂಬಿಕೆ. ಪರೀಕ್ಷೆ ಕೆಡುವುದು ಸುಲಭ: ಹೆದರಿ ಎದೆ ತುಂಬ ಉಸಿರು ಹಿಡಿದರೆ, ಲಂಗದೊಳಗೆ ಗಾಳಿ ಸೇರಿಕೊಂಡರೆ ಯಾರೇ ಆದರೂ ಕೆಲಹೊತ್ತು ತೇಲುತ್ತಾರೆ. ದಡದವರು ಹಗ್ಗ ಬಿಗಿ ಹಿಡಿದರಂತೂ ಮುಗಿಯಿತು.

ಇಂಗ್ಲೆಂಡಿನಲ್ಲಿ ಇಂಥ ಪ್ರಕರಣಕ್ಕೆ ಚಿತ್ರಹಿಂಸೆ ಕಾನೂನುಬಾಹಿರ. ಅದಕ್ಕೇ 1645–47ರಲ್ಲಿ ಮಾಟಗಾತಿ ಬೇಟೆಗಾರ ಮ್ಯಾಥ್ಯೂ ಹಾಪ್ಕಿನ್ಸ್ ಹಿಡಿದ ದಾರಿ ಬೇರೆ: ರಾತ್ರಿಗಟ್ಟಲೆ ನಿದ್ದೆಗೆಡಿಸಿ ಕೂರಿಸುವುದು, ನಡೆಸುವುದು. ಚುಚ್ಚಿದರೂ ರಕ್ತ ಬಾರದು ಎನ್ನಿಸಿದ ಮಚ್ಚೆ, ಗಂಟುಗಳನ್ನು ಸೈತಾನನ ಗುರುತೆಂದು ಮೈಮೇಲೆ ಹುಡುಕುವುದೂ ಇತ್ತು. ಯಾವ ಮುದುಕಿಯ ಮೈಮೇಲೆ ಅದು ಇರುವುದಿಲ್ಲ? ಅವನಿಗೆ ಊರುಗಳು ಸಂಭಾವನೆ ಕೊಡುತ್ತಿದ್ದವು. ಸ್ಟೋಮಾರ್ಕೆಟ್ ಎಂಬ ಊರೊಂದೇ ಕೊಟ್ಟದ್ದು 23 ಪೌಂಡ್. ಇನ್ನು ಸುಡುವುದು ಅಲ್ಲಿನ ಕ್ರಮವಲ್ಲ. ಇಂಗ್ಲೆಂಡಿನಲ್ಲಿ ಮಾಟಕ್ಕೆ ಗಲ್ಲು.

ಎಲ್ಲವನ್ನೂ ಮಾಡಿಸಿದ್ದು ಚರ್ಚು ತಾನೆ? ಸೂಲಗಿತ್ತಿಯರನ್ನೂ ನಾಟಿ ವೈದ್ಯ ಮಾಡುವವರನ್ನೂ ಮುಗಿಸಲೆಂದೇ ಇದು ನಡೆಯಿತು ಎನ್ನುತ್ತಾರೆ.
— ನಿವೃತ್ತ ಆರೋಗ್ಯ ಸಹಾಯಕಿ, ಚಳ್ಳಕೆರೆ

ಸೂಲಗಿತ್ತಿಯರು ಬಲಿಯಾದದ್ದುಂಟು, ಆದರೆ ಆರೋಪಿಗಳಲ್ಲಿ ಅವರ ಪಾಲು ವಿಶೇಷವಾಗಿ ದೊಡ್ಡದಲ್ಲ. ಎಷ್ಟೋ ಕಡೆ ಆರೋಪಿಯ ಮೈ ಪರೀಕ್ಷಿಸಲು ನ್ಯಾಯಾಲಯವೇ ಅವರನ್ನು ಕರೆಸುತ್ತಿತ್ತು.

ಚರ್ಚಿನ ಪಾಲು ಸಣ್ಣದಲ್ಲ. ಹೆಂಗಸರೇ ಸೈತಾನನಿಗೆ ಬೇಗ ಒಲಿಯುವವರು ಎಂದು ವಾದಿಸಿದ ‘ಮಲಿಯುಸ್ ಮಲೆಫಿಕಾರುಮ್’ ಬರೆದವನು ಡೊಮಿನಿಕನ್ ಪಾದ್ರಿ ಹೈನ್‌ರಿಷ್ ಕ್ರಾಮರ್. ಅದು 1486ರಲ್ಲಿ ಅಚ್ಚಾಯಿತು. ಅದಕ್ಕೂ ಹಿಂದಿನ ವರ್ಷ ಇನ್ಸ್‌ಬ್ರುಕ್‌ನಲ್ಲಿ ಅವನು ನಡೆಸಿದ ವಿಚಾರಣೆ ಕುಸಿದುಬಿದ್ದು, ಅಲ್ಲಿನ ಬಿಷಪ್ಪರೇ ಊರು ಬಿಡುವಂತೆ ಹೇಳಿದ್ದರು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮರಣದಂಡನೆ ಕೊಟ್ಟವು ಬಹುಪಾಲು ಊರಿನ, ಸಂಸ್ಥಾನಗಳ ನ್ಯಾಯಾಲಯಗಳು. ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಾಲಯವಾದ ಕುಖ್ಯಾತ ಸ್ಪ್ಯಾನಿಷ್ ಇನ್‌ಕ್ವಿಸಿಷನ್ 1610ರಲ್ಲಿ ಲೊಗ್ರೋನ್ಯೊದಲ್ಲಿ ಆರು ಮಂದಿಯನ್ನು ಸುಟ್ಟಿತು ನಿಜ. ಆದರೆ ಅದರದೇ ಅಧಿಕಾರಿ ಅಲೋನ್ಸೊ ದೆ ಸಲಸಾರ್ ಹಳ್ಳಿ ಹಳ್ಳಿ ಸುತ್ತಿ, ತಪ್ಪೊಪ್ಪಿಗೆಗಳನ್ನು ತಾಳೆ ನೋಡಿ, ‘ಮಾಟದ ಮುಲಾಮು’ಗಳನ್ನು ಪರೀಕ್ಷೆ ಮಾಡಿಸಿ, ಎಲ್ಲ ಬುರುಡೆ ಎಂದು ವರದಿ ಕೊಟ್ಟ. 1614ರ ಹೊಸ ಸೂಚನೆಗಳಿಂದ ಅಲ್ಲಿ ಬೇಟೆ ಹೆಚ್ಚುಕಡಿಮೆ ನಿಂತಿತು.

ಊರಲ್ಲಿ ಯಾರನ್ನಾದರೂ ಹೀಗೆ ಹಿಂಸಿಸಿದರೆ ಏನು ಮಾಡುವುದೆಂದೂ ಕೇಳಿದ್ದೀರಿ. ತಡಮಾಡದೆ 112ಕ್ಕೆ ಕರೆ ಮಾಡಿ. ಬಾನಾಮತಿ, ಮಾಟ–ಮಂತ್ರದ ಹೆಸರಿನ ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಶಿಕ್ಷೆ 1ರಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ.

ಖಗೋಳವಿಜ್ಞಾನಿ ಕೆಪ್ಲರ್‌ನ ತಾಯಿಯ ಮೇಲೂ ಇಂಥ ಆರೋಪವಿತ್ತೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಹೊಸದುರ್ಗ

ಇತ್ತು. ಕಾಥರೀನಾ ಕೆಪ್ಲರ್ ಲೇಯೋನ್‌ಬರ್ಗ್‌ನ ವಿಧವೆ, ಗಿಡಮೂಲಿಕೆ ಬಲ್ಲವಳು. ಅವಳು ಕೊಟ್ಟ ಕಹಿ ಪಾನೀಯ ಕುಡಿದೇ ಕಾಯಿಲೆ ಬಿದ್ದೆ ಎಂದು ಗಾಜುಗಾರನ ಹೆಂಡತಿ ಉರ್ಸುಲಾ ರೈನ್‌ಬೋಲ್ಡ್ 1615ರಲ್ಲಿ ದೂರಿದಳು. 1620ರ ಆಗಸ್ಟ್‌ನಲ್ಲಿ ಬಂಧನವಾಯಿತು. ವಯಸ್ಸು ಎಪ್ಪತ್ತು ದಾಟಿತ್ತು, ಕಾಲಿಗೆ ಸರಪಳಿ. ಮಗ ದೂರದ ಲಿಂಜ್‌ನಿಂದ ಬಂದು, ಕಲಾಪವೆಲ್ಲ ಬರವಣಿಗೆಯಲ್ಲೇ ನಡೆಯುವಂತೆ ನೋಡಿಕೊಂಡು, ಒಂದೊಂದು ಕಾಯಿಲೆಗೂ ಸಹಜ ಕಾರಣ ತೋರಿಸಿ ದೀರ್ಘ ಪ್ರತಿವಾದ ಬರೆದ. ಲೇಯೋನ್‌ಬರ್ಗ್ ಸೇರಿದ್ದ ವ್ಯುರ್ಟೆಂಬರ್ಗ್ ಸಂಸ್ಥಾನದಲ್ಲಿ ಇಂಥ ಪ್ರಕರಣದ ಕಡತ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರ ಮುಂದೆ ಹೋಗಬೇಕಿತ್ತು. ಉಪಕರಣ ತೋರಿಸಿ ಹೆದರಿಸಿ, ಅಷ್ಟೇ, ಮುಟ್ಟಬೇಡಿ ಎಂದು ಅವರು ಬರೆದರು. ಅವಳು ಬಗ್ಗಲಿಲ್ಲ. 14 ತಿಂಗಳ ಸೆರೆಯ ಬಳಿಕ 1621ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ, ಮರುವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಳು. ಇದೇ ಪ್ರಕರಣ ಬಾಂಬರ್ಗ್‌ನಲ್ಲಿ ನಡೆದಿದ್ದರೆ ಪ್ರತಿವಾದ ಬರೆಯಲು ಕೆಪ್ಲರ್‌ಗೆ ಸಮಯವೇ ಸಿಗುತ್ತಿರಲಿಲ್ಲ.