ಸಿಗಾರ್ ಸುತ್ತುವವರಿಗೆ ಕಥೆ ಓದುತ್ತಿದ್ದವನು

ಅಮೆರಿಕದ ಫ್ಲೋರಿಡಾದ ಟಾಂಪಾ ಊರಿನ ಟೀಚರ್‌ಗೆ ನಮಸ್ಕಾರ.

ನಿಮ್ಮ ಪತ್ರ ಓದಿ ನಗು ಬಂತು, ಕೋಪ ಮಾಡ್ಕೋಬೇಡಿ. ಶಾಲೆಯವರು ಕ್ಯೂಬಾ ಸಂಸ್ಕೃತಿ, ಇತಿಹಾಸದ ಮೂರು ದಿನದ ಕಾರ್ಯಾಗಾರಕ್ಕೆ ಹೋಗಿ ಅಂತಿದ್ದಾರೆ, ಅಲ್ಲಿ ಕುಣಿತ, ಕ್ರಾಂತಿ ಮಾಡಿ ಅಧಿಕಾರ ಹಿಡಿದ ಕ್ಯಾಸ್ಟ್ರೊ ಬಿಟ್ಟು ಇನ್ನೇನಿರುತ್ತೆ, ರಜೆ ದಂಡ ಅಂದಿದ್ದೀರಿ. ತರಗತಿಯ ಎಷ್ಟೋ ಮಕ್ಕಳ ಅಜ್ಜ ಅಜ್ಜಿ ಕ್ಯೂಬಾ ಬಿಟ್ಟು ಬಂದವರು, ಏನೋ ಹೇಳಿ ಅವರ ಮನಸ್ಸು ನೋಯಿಸಿದರೆ ಅನ್ನೋ ಭಯ ಬೇರೆ.

ಹೋಗಿ ಟೀಚರ್. ನಿಮ್ಮೂರಲ್ಲೇ ಈಬೋರ್ ಸಿಟಿ ಇದೆಯಲ್ಲ! 1880ರ ದಶಕದಲ್ಲಿ ಸಿಗಾರ್ ಕಾರ್ಖಾನೆಗಳ ಸುತ್ತ ಬೆಳೆದ ಪೇಟೆ ಅದು. ಅಲ್ಲಿ ಕ್ಯೂಬಾದಿಂದ ಬಂದ ಒಂದು ಪದ್ಧತಿ ಇತ್ತು. ನೂರಾರು ಜನ ಸಾಲಾಗಿ ಕೂತು ಹೊಗೆಸೊಪ್ಪಿನ ಎಲೆ ಸುತ್ತುತ್ತಿದ್ದರೆ, ಎತ್ತರದ ಕಟ್ಟೆ ಮೇಲೆ ಒಬ್ಬ ಕೂತು ಗಟ್ಟಿಯಾಗಿ ಓದುತ್ತಿದ್ದ. ಪತ್ರಿಕೆ, ಆಮೇಲೆ ಕಾದಂಬರಿ. ಅವನಿಗೆ ಲೆಕ್ತೋರ್ ಅಂತ ಹೆಸರು. ಸಂಬಳ ಕೊಡುತ್ತಿದ್ದದ್ದು ಮಾಲೀಕನಲ್ಲ, ಕೆಲಸಗಾರರೇ ಚಂದಾ ಎತ್ತಿ. ಓದು ಹಿಡಿಸಿದರೆ ಚಪ್ಪಾಳೆ ಇಲ್ಲ, ಎಲೆ ಕತ್ತರಿಸುವ ಚಾವೇತಾ ಅನ್ನೋ ಚೂರಿಯಿಂದ ಹಲಗೆ ಮೇಲೆ ಟಕಟಕ ಬಡಿಯುತ್ತಿದ್ದರು. ಕಿವಿಯಿಂದಲೇ ಓದು ಕಲಿತ ಇದೇ ಜನರ ಮುಂದೆ 1891ರಲ್ಲಿ ಕ್ಯೂಬಾದ ಸ್ವಾತಂತ್ರ್ಯ ನಾಯಕ ಹೊಸೆ ಮಾರ್ತಿ ಬಂದು, ಕ್ಯೂಬಾವನ್ನು ಆಳುತ್ತಿದ್ದ ಸ್ಪೇನ್ ವಿರುದ್ಧದ ಹೋರಾಟಕ್ಕೆ ಬೆಂಬಲ ಕೇಳಿದ. 1931ರಲ್ಲಿ ಟಾಂಪಾದ ಮಾಲೀಕರು ಲೆಕ್ತೋರ್‌ನನ್ನು ಇಳಿಸಿ ರೇಡಿಯೋ ಇಟ್ಟರು. ಕ್ಯೂಬಾದಲ್ಲಿ ಮಾತ್ರ ಓದು ನಿಲ್ಲಲಿಲ್ಲ.

ಇನ್ನು ನಿಮ್ಮ ಭಯ. ಕ್ಯಾಸ್ಟ್ರೊ ಸರ್ಕಾರ ಬಂದ ಮೇಲಿನ 1961 ಅನ್ನೋ ಒಂದು ವರ್ಷ ಹಿಡಿದುಕೊಳ್ಳಿ. ಆ ವರ್ಷ ಕ್ಯೂಬಾದಲ್ಲಿ ಸುಮಾರು ಒಂದು ಲಕ್ಷ ಹದಿಹರೆಯದವರು ಲಾಟೀನು, ಪುಸ್ತಕ, ಮಲಗಲು ಜೋಲಿ ಹೊತ್ತು ಹಳ್ಳಿಗಳಿಗೆ ಅಕ್ಷರ ಕಲಿಸಲು ಹೋದರು, ಏಳು ಲಕ್ಷಕ್ಕೂ ಹೆಚ್ಚು ಜನ ಓದು ಬರಹ ಕಲಿತರು ಅಂತ ಸರ್ಕಾರ ಲೆಕ್ಕ ಕೊಟ್ಟಿತು. ಅದೇ ಹೊತ್ತಲ್ಲಿ ಮಕ್ಕಳು ಸರ್ಕಾರದ ಪಾಲಾಗ್ತಾರೆ ಅಂತ ಹೆದರಿದ ತಂದೆ ತಾಯಂದಿರು ಮಕ್ಕಳನ್ನು ಒಂಟಿಯಾಗಿ ಅಮೆರಿಕದ ಮಯಾಮಿಗೆ ಹೋಗುವ ವಿಮಾನ ಹತ್ತಿಸುತ್ತಿದ್ದರು. 1960ರಿಂದ 62ರೊಳಗೆ ಹೀಗೆ ಹೋದವರು 14,000ಕ್ಕೂ ಜಾಸ್ತಿ. ನಿಮ್ಮ ಮಕ್ಕಳ ಅಜ್ಜಿಯೊಬ್ಬರು ಆ ವಿಮಾನದಲ್ಲಿದ್ದಿರಬಹುದು, ಅಲ್ವಾ? ಕಾರ್ಯಾಗಾರದವರು ಲಾಟೀನು ತೋರಿಸಿ ವಿಮಾನ ಬಿಟ್ಟರೂ, ವಿಮಾನ ತೋರಿಸಿ ಲಾಟೀನು ಬಿಟ್ಟರೂ ಸುಮ್ನೆ ಕೂರಬೇಡಿ, ಎದ್ದು ಕೇಳಿ. ತರಗತಿಯಲ್ಲೂ ಎರಡನ್ನೂ ಹೇಳಿ, ಯಾರದು ಸರಿ ಅಂತ ನೀವು ತೀರ್ಪು ಕೊಡಬೇಕಾಗಿಲ್ಲ.

ಹಾಂ, ಅಲ್ಲಿ ಪುಟ್ಟ ಲೋಟದಲ್ಲಿ ಕಾಫಿ ಕೊಡ್ತಾರೆ. ಮೊದಲು ಇಳಿದ ಡಿಕಾಕ್ಷನ್‌ಗೆ ಸಕ್ಕರೆ ಹಾಕಿ ನೊರೆ ಬರೋವರೆಗೆ ಕಲಸಿರ್ತಾರೆ. ನಮ್ಮ ಫಿಲ್ಟರ್ ಕಾಫಿ ಅಂದ್ಕೊಂಡು ಸಂಜೆ ಎರಡು ಲೋಟ ಕುಡಿದುಬಿಟ್ಟೀರಿ, ರಾತ್ರಿ ನಿದ್ದೆ ಬರಲ್ಲ.