ತೊಟ್ಟಿ ಮನೆ ಬೇಕೆಂದವರು ಅದರಲ್ಲಿ ಬೆಳೆದವರಲ್ಲ

ಈ ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

ಮೈಸೂರಿನಲ್ಲಿ 30–40ರ ಸೈಟು. ಗಂಡ, ಹೆಂಡತಿ ಇಬ್ಬರೂ ದುಡಿಯುವವರು, ಒಬ್ಬಳು ಮಗಳು. ಪಾಯ ಹಾಕಿ ಆಗಿತ್ತು. ಅಷ್ಟರಲ್ಲಿ ಇಬ್ಬರ ನಡುವೆ ಮಾತು ನಿಂತಿತ್ತು. ಒಂದೇ ಬಾಡಿಗೆ ಮನೆಯಲ್ಲಿ ಕೂತು, ಆರ್ಕಿಟೆಕ್ಟ್‌ಗೆ ಬೇರೆ ಬೇರೆಯಾಗಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಆತ ಒಂದು ಹೇಳಿದರೆ ಆಕೆ ಅದನ್ನು ಕ್ಯಾನ್ಸಲ್ ಮಾಡಿಸುತ್ತಿದ್ದರು. "ನೀವು ಮೊದಲು ಒಂದು ತೀರ್ಮಾನಕ್ಕೆ ಬನ್ನಿ" ಎಂದು ಆರ್ಕಿಟೆಕ್ಟ್ ಕೆಲಸ ನಿಲ್ಲಿಸಿದ ಮೇಲೆ ಸಲಹೆ ಕೇಳಲು ನನ್ನ ಹತ್ತಿರ ಬಂದರು.

ಗಂಡನಿಗೆ ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಬೇಕು, ಮರದ ಕಂಬ ಬೇಕು. ರೆಡ್ ಆಕ್ಸೈಡ್ ಬೆರೆಸಿದ ಕೆಂಪು ಸಿಮೆಂಟ್ ನೆಲ, ಮುಂದೆ ಜಗಲಿ, ಮಂಗಳೂರು ಹೆಂಚು ಬೇಕು. ಕೆತ್ತನೆ ಇರುವ ಹಳೇ ಬಾಗಿಲೊಂದಕ್ಕೆ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು. ಹೆಂಡತಿಗೆ ಬಿಳಿ ಗೋಡೆ, ರಸ್ತೆ ಕಡೆಗೆ ನೆಲದಿಂದ ತಾರಸಿವರೆಗೆ ಗಾಜು, ಓಪನ್ ಕಿಚನ್, ಹಿಡಿಕೆಯೇ ಕಾಣದ ಕಪಾಟು. ಎಲ್ಲೂ ಕುಸುರಿ ಇರಬಾರದು.

"ಅವಳು ಹೇಳೋ ಮನೆ ಆಸ್ಪತ್ರೆ ಥರ ಇರುತ್ತೆ" ಎಂದರು ಆತ. "ಇವರು ಮನೆ ಕಟ್ಟುತ್ತಿಲ್ಲ, ಹೋಮ್‌ಸ್ಟೇ ಕಟ್ಟುತ್ತಿದ್ದಾರೆ" ಎಂದರು ಆಕೆ. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿ ಯಾವುದು ಚೆಂದ ಎಂದು ವೋಟು ಕೇಳಿದ್ದೂ ಆಗಿತ್ತು. ಗೆದ್ದದ್ದು ತೊಟ್ಟಿ. ಆ ದಿನದಿಂದ ಆಕೆ ಸೈಟಿಗೆ ಹೋಗುವುದನ್ನೇ ಬಿಟ್ಟಿದ್ದರು.

ಹಳೇ ಮನೆಯಲ್ಲಿ ಬೆಳೆದದ್ದು ಆತನೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಆತ ಬೆಳೆದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಮಲೆನಾಡಿನ ದೊಡ್ಡ ತೊಟ್ಟಿ ಮನೆಯಲ್ಲಿ ಬೆಳೆದವರು ಆಕೆ. ಈ ಜಗಳದ ಗಂಟು ಇದ್ದದ್ದು ಇಲ್ಲಿಯೇ.

ಯಾವುದು ಇಷ್ಟ, ಯಾಕೆ ಇಷ್ಟ ಎಂದು ನಾನು ಕೇಳಲಿಲ್ಲ. ಅದಕ್ಕೆ ಇಬ್ಬರ ಹತ್ತಿರವೂ ಉತ್ತರ ರೆಡಿ ಇತ್ತು. ಆತ ಸಂಸ್ಕೃತಿ ಎನ್ನುತ್ತಿದ್ದರು, ಆಕೆ ಮೇಂಟೆನೆನ್ಸ್ ಎನ್ನುತ್ತಿದ್ದರು. ಬದಲಿಗೆ ಒಂದು ಕೆಲಸ ಕೊಟ್ಟೆ. ಹತ್ತು–ಹನ್ನೆರಡು ವಯಸ್ಸಿನಲ್ಲಿದ್ದಾಗ ನಿಮ್ಮ ಮನೆಯ ಒಂದು ಮಳೆಗಾಲದ ದಿನ ಹೇಗಿತ್ತು, ಏಳುವುದರಿಂದ ಮಲಗುವವರೆಗೆ ಬರೆಯಿರಿ. ಮನೆ ಹೇಗೆ ಕಾಣುತ್ತಿತ್ತು ಎಂದು ಬರೆಯಬೇಡಿ, ಅಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದಷ್ಟೇ ಬರೆಯಿರಿ. ಆಮೇಲೆ ಹಾಳೆ ಅದಲುಬದಲು ಮಾಡಿಕೊಂಡು ಓದಿ.

ಆಕೆಯ ಹಾಳೆಯಲ್ಲಿ ತೊಟ್ಟಿಯ ಸುತ್ತಲಿನ ಅಂಚು ಪಾಚಿ ಕಟ್ಟುವುದಿತ್ತು. ಪ್ರತಿ ಜಡಿಮಳೆಯ ನಂತರ ಸುತ್ತಲ ಪಡಸಾಲೆ ಒರೆಸುವುದಿತ್ತು. ಕೆಂಪು ನೆಲಕ್ಕೆ ಹೊಳಪು ಬರಲೆಂದು ಎಣ್ಣೆ ಹಾಕಿ ಉಜ್ಜುತ್ತಿದ್ದುದು ಮನೆಯ ಹೆಣ್ಣುಮಕ್ಕಳೇ. ಅಡುಗೆಮನೆ ಹಿಂದುಗಡೆ, ಹೊಗೆ ಹೋಗಲು ಒಂದೇ ಸಣ್ಣ ಕಿಂಡಿ. ಅಮ್ಮ ಅಲ್ಲಿಂದ ಹೊರಬರುವ ಹೊತ್ತಿಗೆ ಕಣ್ಣು ಕೆಂಪಾಗಿರುತ್ತಿತ್ತು. ಜಗಲಿಯಲ್ಲಿ ಗಂಡಸರು ಕೂತಿದ್ದರೆ ಹುಡುಗಿಯರು ಹಿತ್ತಲ ಬಾಗಿಲಿನಿಂದ ಬರಬೇಕು. ದೊಡ್ಡವಳಾದ ಮೇಲೆ ತಿಂಗಳಲ್ಲಿ ಮೂರು ದಿನ ಹಿಂದಿನ ಕತ್ತಲೆ ಕೋಣೆ. ಆ ಮನೆಯ ಕಂಬಗಳ ಕೆತ್ತನೆ ಹೇಗಿತ್ತು ಎಂದು ಕೇಳಿದರೆ ಆಕೆಗೆ ನೆನಪೇ ಇರಲಿಲ್ಲ. ಅದರ ಸಂದಿಯ ಧೂಳು ಒರೆಸಿದ್ದು ಮಾತ್ರ ನೆನಪಿತ್ತು.

ಆತ ಅದೇ ಮನೆಯನ್ನು ಅಳಿಯನಾಗಿ ನೋಡಿದವರು. ಅಳಿಯನಿಗೆ ಜಗಲಿಗೇ ಕಾಫಿ ಬರುತ್ತದೆ, ಅಲ್ವಾ? ಅಡುಗೆಮನೆಯ ಹೊಗೆ ಅಲ್ಲಿಗೆ ಬರುವುದಿಲ್ಲ.

ಆತನ ಹಾಳೆಯೂ ಹಗುರವಾಗಿರಲಿಲ್ಲ. ಎರಡು ಕೋಣೆಯಲ್ಲಿ ಆರು ಜನ. ನಲ್ಲಿ, ಪಾಯಿಖಾನೆ ಎಲ್ಲ ವಠಾರಕ್ಕೆ ಸೇರಿದ್ದು. ಗೋಡೆಗೆ ಮೊಳೆ ಹೊಡೆದರೆ ಓನರ್ ಬೈಗುಳ. ಮಳೆ ಬಂದರೆ ಹುಡುಗರೆಲ್ಲ ಒಳಗೆ, ಕಾಲು ಚಾಚಲೂ ಜಾಗ ಇಲ್ಲ. ಮದುವೆಯಾದ ವರ್ಷ ಮಾವನ ಮನೆಯ ತೊಟ್ಟಿಗೆ ಮಳೆ ಬೀಳುವುದನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದ್ದರಂತೆ. "ಏಳು, ಜಾಗ ಬಿಡು ಎಂದು ಯಾರೂ ಹೇಳಲಿಲ್ಲ" ಎಂದು ಬರೆದಿದ್ದರು.

ಹಾಳೆ ಓದಿ ಆಕೆ ಮಾತಾಡಲಿಲ್ಲ. ಆತ ಅತ್ತರು. ಆತ ಮೊದಲ ಬಾರಿ ಆಕೆಗೆ ಸರಿಯಾದ ಪ್ರಶ್ನೆ ಕೇಳಿದರು: "ಯಾಕೆ ಇಷ್ಟು ವರ್ಷ ಹೇಳಲಿಲ್ಲ?" ಆಕೆ ಹೇಳಿದರು, "ಎಲ್ಲರೂ ನಮ್ಮ ಮನೆ ಚೆಂದ, ಚೆಂದ ಅಂತಿದ್ದರು. ನಾನೇನು ಹೇಳಲಿ?"

ಇಂಥ ಕಡೆ ಸಲಹೆಗಾರರು ಅರ್ಧ ನಿನ್ನದು, ಅರ್ಧ ಅವಳದು ಎಂದು ಹಂಚಿಬಿಡುವುದುಂಟು. ನನಗೆ ಅದು ಒಪ್ಪಿಗೆ ಇಲ್ಲ. ಇಬ್ಬರಿಗೂ ಬೇಡವಾದ ಮನೆ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಕೆಲವು ಸಂಗತಿ ಬದಲಾಯಿಸಲು ಆಗುವುದಿಲ್ಲ: ಗೋಡೆ, ಕಿಟಕಿ ಇರುವ ದಿಕ್ಕು, ನೆಲ, ಅಡುಗೆಮನೆಯ ಜಾಗ. ಬಣ್ಣ, ಪರದೆ, ಕುರ್ಚಿ, ದೀಪ ಮುಂದಿನ ವರ್ಷವೂ ಬದಲಿಸಬಹುದು. ಮೊದಲನೆಯ ಗುಂಪಿನದ್ದನ್ನು ಮಾತ್ರ ಈಗ ಮಾತಾಡಿ ಎಂದೆ. ಅದರಲ್ಲೂ ಯಾವ ಜಾಗದ ಕೆಲಸ ಯಾರ ಮೈಮೇಲೆ ಬೀಳುತ್ತದೋ ಅವರ ಮಾತಿಗೆ ಹೆಚ್ಚು ತೂಕ. ಒಂದು ವಿಷಯ ಇಷ್ಟವಿಲ್ಲ ಎನ್ನುವುದು ಬೇರೆ, ಅದನ್ನು ನೋಡಿದರೆ ನೋವಾಗುತ್ತದೆ ಎನ್ನುವುದು ಬೇರೆ. ನೋವಿನ ವಿಷಯಕ್ಕೆ ಚರ್ಚೆ ಬೇಡ, ಅದನ್ನು ಬಿಟ್ಟುಬಿಡಿ.

ಆಕೆ ಎರಡು ನೋವು ಹೇಳಿದರು. ಕತ್ತಲೆಯ ಹಿಂದಿನ ಅಡುಗೆಮನೆ, ಮತ್ತು ಕೆಂಪು ನೆಲ ಉಜ್ಜುವುದು. ಕೆಂಪು ಬಣ್ಣದ ಮೇಲೆ ಅವರಿಗೆ ಕೋಪ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಹಾಗಾಗಿ ಅಡುಗೆಮನೆ ಮುಂದೆ ಬಂತು, ಓಪನ್ ಆಗಿಯೇ. ಒಗ್ಗರಣೆ ಘಾಟು ಹಾಲಿಗೆ ಬರುತ್ತದೆ ಎಂದು ಆತ ಎಚ್ಚರಿಸಿದ್ದು ನಿಜವೇ. ಜಾರುವ ಗಾಜಿನ ಬಾಗಿಲಿಗೆ ಜಾಗ ಬಿಟ್ಟರು. ಹಾಲಿಗೆ ಟೈಲ್ಸ್. ರೆಡ್ ಆಕ್ಸೈಡ್ ಆತನ ಓದುವ ಕೋಣೆಗೆ ಮಾತ್ರ, ಅದರ ನಿಗಾ ಆತನದೇ. ಆ ನೆಲಕ್ಕೆ ಕೈಪಳಗಿದ ಮೇಸ್ತ್ರಿ ಸಿಗಬೇಕು. ಒಂದು ಕೋಣೆಯನ್ನು ಒಂದೇ ಸಲಕ್ಕೆ ಮುಗಿಸಬೇಕು, ಇಲ್ಲದಿದ್ದರೆ ಜೋಡಣೆ ಕಾಣುತ್ತದೆ. ಬಿರುಕು ಬಿಟ್ಟರೆ ತೇಪೆಯೂ ಕಾಣುತ್ತದೆ. ಮೂರು ಅಡಿಯ ಒಂದು ಸ್ಯಾಂಪಲ್ ಹಾಕಿಸಿ, ನೀರು ಉಣಿಸಿ, ಒಣಗಿದ ಮೇಲೆ ತೀರ್ಮಾನಿಸಿ ಎಂದೆ.

ಗಾಜಿನ ವಿಷಯದಲ್ಲಿ ಆಕೆಯೂ ಸ್ವಲ್ಪ ಯೋಚಿಸಬೇಕಿತ್ತು. ಅಮೆರಿಕದ ಇಲಿನಾಯ್‌ನಲ್ಲಿ ಡಾಕ್ಟರ್ ಈಡಿತ್ ಫಾರ್ನ್ಸ್‌ವರ್ತ್ ಅವರಿಗೆ ಹೆಸರಾಂತ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋ ಕಟ್ಟಿಕೊಟ್ಟ ಮನೆಯ ಕಥೆ ಹೇಳಿದೆ. 1951ರಲ್ಲಿ ಮುಗಿದ ಆ ಮನೆಗೆ ನಾಲ್ಕೂ ಕಡೆ ಗಾಜು. ಇಂದಿಗೂ ಜಗತ್ತಿನ ಹೆಸರಾಂತ ಕಟ್ಟಡಗಳಲ್ಲಿ ಅದೊಂದು. ಆದರೆ ಅದರಲ್ಲಿ ಇದ್ದ ಆಕೆಗೆ ನೆಮ್ಮದಿ ಸಿಗಲಿಲ್ಲ, ಖರ್ಚಿನ ವಿಷಯದಲ್ಲಿ ಇಬ್ಬರೂ ಕೋರ್ಟಿಗೆ ಹೋದರು. ನಿಮ್ಮ ಸೈಟು ಪಶ್ಚಿಮಕ್ಕೆ ಮುಖ, ಏಪ್ರಿಲ್ ಮಧ್ಯಾಹ್ನ ಆ ಗಾಜಿನ ಹಿಂದೆ ಯಾರು ಕೂರುತ್ತಾರೆ ಎಂದು ಕೇಳಿದೆ. ಮಗಳು, ಸ್ಕೂಲಿನಿಂದ ಬಂದು. ದೊಡ್ಡ ಗಾಜು ಉತ್ತರದ ಗೋಡೆಗೆ ಹೋಯಿತು.

ತೊಟ್ಟಿಯ ಲೆಕ್ಕವನ್ನೂ ಹಾಕಿದೆವು. 8 ಅಡಿ ಚೌಕ ಎಂದರೆ 64 ಚದರ ಅಡಿ, ಒಂದು ಸಣ್ಣ ಅಡುಗೆಮನೆಯಷ್ಟು. ಆತನಿಗೆ ಬೇಕಿದ್ದದ್ದು ಕಂಬವೂ ಅಲ್ಲ, ಹೆಂಚೂ ಅಲ್ಲ. ಮಳೆ ನೋಡುತ್ತಾ ಕೂರುವ ಜಾಗ. ಮಾಡರ್ನ್ ಎಂದರೆ ಅಂಗಳ ಇರಬಾರದು ಎಂದು ಎಲ್ಲೂ ಇಲ್ಲ. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಆರ್ಕಿಟೆಕ್ಟ್ ಬಿ.ವಿ. ದೋಶಿ ಬೆಂಗಳೂರಿನ ಐಐಎಂ ಕಟ್ಟಿದ್ದು ಒರಟು ಕಲ್ಲು, ಕಾಂಕ್ರೀಟಿನಲ್ಲೇ, ಆದರೂ ಅಲ್ಲಿ ಅಂಗಳ ಇದೆ, ಆಕಾಶಕ್ಕೆ ತೆರೆದ ಓಣಿ ಇದೆ. ಕೆತ್ತಿದ ಕಂಬ ಹುಡುಕಿದರೂ ಇಲ್ಲ. ಅದರ ಫೋಟೊಗಳನ್ನು ತೋರಿಸಿದೆ, ಅವು ಮಾತ್ರ ಇಬ್ಬರಿಗೂ ಹಿಡಿಸಿದವು. ಆತನ ಕೋಣೆ ಪಕ್ಕ ಪುಟ್ಟ ತೆರೆದ ಅಂಗಳ ಬಂತು. ಅಂಚಿಗೆ ಜಾರದ ಒರಟು ಕಲ್ಲು, ನೀರು ಹೋಗಲು ಸರಿಯಾದ ಇಳಿಜಾರು. ಪಾಚಿ ತೆಗೆಯುವುದು ಆತನ ಕೆಲಸ ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಬರೆಸಿದ್ದು ನಾನೇ. ಬಾಯಿಮಾತಿನ ಮನೆಗೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು.

ಇನ್ನೆರಡು ಷರತ್ತು ಹಾಕಿದೆ. ಆರ್ಕಿಟೆಕ್ಟ್ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಬೇಕು. ಮತ್ತೆ, ಗೃಹಪ್ರವೇಶದವರೆಗೆ ನೆಂಟರ ಗುಂಪಿಗೆ ಒಂದೂ ಫೋಟೊ ಹೋಗಬಾರದು.

ಹಳೇ ಬಾಗಿಲಿನ ವಿಷಯ ಮಾತ್ರ ಇನ್ನೂ ಮುಗಿದಿಲ್ಲ. ಗೋಡೆ ಏಳುವಾಗಲೇ ಚೌಕಟ್ಟು ಕೂರಿಸಬೇಕಾದ್ದರಿಂದ ಟೈಮ್ ಕಡಿಮೆ ಇದೆ. ಅಂಗಡಿಗೆ ಹೋಗಿ ಆ ಬಾಗಿಲನ್ನು ಒಮ್ಮೆ ಕಣ್ಣಾರೆ ನೋಡಿ ಎಂದು ಆಕೆಗೆ ಹೇಳಿದ್ದೇನೆ. ಬೇಡ ಅನ್ನಿಸಿದರೆ ಕಾರಣ ಕೇಳದೆ ಅಡ್ವಾನ್ಸ್ ಬಿಟ್ಟುಬಿಡಿ ಎಂದು ಆತನಿಗೆ ಹೇಳಿದ್ದೇನೆ. ಈ ಶನಿವಾರ ಇಬ್ಬರೂ ಹೋಗುತ್ತಿದ್ದಾರೆ.